ಲಕ್ಷ ಜನ ಬೀದಿಗಿಳಿದರೂ ಪೇಪರಲ್ಲಿ ‘ಸಾವಿರಾರು’: 2002–03ರ ಯುದ್ಧವಿರೋಧಿ ಮೆರವಣಿಗೆಗಳು ಸುದ್ದಿಮನೆಯಲ್ಲಿ ಎಲ್ಲಿ ಕಳೆದುಹೋದವು?

ಮೂಲೆಮನೆ_ಓದುಗ
ಒಂದು ಗಂಟು ಬಿಡಿಸಿಕೊಡಿ. 26 ಅಕ್ಟೋಬರ್ 2002, ಶನಿವಾರ. ಇರಾಕ್ ಮೇಲೆ ಯುದ್ಧ ಬೇಡ ಅಂತ ವಾಷಿಂಗ್ಟನ್‌ನಲ್ಲಿ ಮೆರವಣಿಗೆ. ಮರುದಿನದ ನ್ಯೂಯಾರ್ಕ್ ಟೈಮ್ಸ್ ಪ್ರಕಾರ ಬಂದವರು ‘ಸಾವಿರಾರು’, ಅದೂ ಸಂಘಟಕರು ಎಣಿಸಿದ್ದಕ್ಕಿಂತ ಕಡಿಮೆ. 30ನೇ ತಾರೀಕು ಅದೇ ಪತ್ರಿಕೆ ಮತ್ತೆ ಬರೀತದೆ: ಪೊಲೀಸರ ಅಂದಾಜು 1 ಲಕ್ಷ, ಸಂಘಟಕರದ್ದು 2 ಲಕ್ಷ, ಜನ ನೋಡಿ ಸಂಘಟಕರೇ ದಂಗಾದರು, ಅವರು ಪರ್ಮಿಟ್ ತಗೊಂಡಿದ್ದೇ 20 ಸಾವಿರಕ್ಕೆ! ಒಂದೇ ಮೆರವಣಿಗೆ, ಒಂದೇ ಪತ್ರಿಕೆ, ನಡುವೆ ಮೂರು ದಿನ. ಇದು ಮಾಲೀಕರ ಒತ್ತಡವೋ, ಸೋಮಾರಿತನವೋ, ಬೇರೇನಾದರೂ ಇದೆಯೋ? ‘ಮಾಧ್ಯಮ ಮಾರಾಟ ಆಗಿದೆ’ ಅನ್ನೋ ಉತ್ತರ ದಯವಿಟ್ಟು ಬೇಡ.

ಕಾಳುಮೆಣಸು
ಬೇಡ ಅಂದರೂ ಅದೇ ಉತ್ತರ, ಏನು ಮಾಡೋಣ. ಎನ್‌ಬಿಸಿ ಆಗ ಜನರಲ್ ಎಲೆಕ್ಟ್ರಿಕ್ ಕೈಲಿತ್ತು. ಯುದ್ಧವಿಮಾನಕ್ಕೆ ಎಂಜಿನ್ ಮಾಡೋ ಕಂಪನಿ. ಅದರ ಎಂಎಸ್‌ಎನ್‌ಬಿಸಿ ಚಾನೆಲ್ಲಿನಲ್ಲಿ ಫಿಲ್ ಡೊನಾಹ್ಯೂ ಯುದ್ಧದ ವಿರುದ್ಧ ಮಾತಾಡೋರನ್ನ ಕರೆಸ್ತಿದ್ದರು. ಆ ಚಾನೆಲ್ಲಿಗೆ ಅತಿ ಹೆಚ್ಚು ವೀಕ್ಷಕರು ಇದ್ದದ್ದೇ ಆ ಕಾರ್ಯಕ್ರಮಕ್ಕೆ. 25 ಫೆಬ್ರವರಿ 2003ಕ್ಕೆ ರದ್ದು. ಯುದ್ಧದ ಹೊತ್ತಲ್ಲಿ ಈ ಮುಖ ಇಟ್ಕೊಂಡ್ರೆ ಕಷ್ಟ ಅನ್ನೋ ಅರ್ಥದ ಒಳಗಿನ ಟಿಪ್ಪಣಿ ಆಮೇಲೆ ಹೊರಬಿತ್ತು. ಇನ್ಯಾವ ಸಾಕ್ಷಿ ಬೇಕು ನಿಮಗೆ?

ಡೆಸ್ಕ್_ದೆವ್ವ
ಡೊನಾಹ್ಯೂ ವಿಷಯ ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಈ ಗಂಟನ್ನ ಬಿಡಿಸಲ್ಲ ಸಾರ್. ಅದೇ ಅಕ್ಟೋಬರ್ 26ರಂದು ಎನ್‌ಪಿಆರ್ ರೇಡಿಯೊ ‘10 ಸಾವಿರಕ್ಕಿಂತ ಕಡಿಮೆ’ ಅಂತ ಹೇಳಿತು. ಎನ್‌ಪಿಆರ್ ಯಾವ ಎಂಜಿನ್ ಕಂಪನಿಯದ್ದೂ ಅಲ್ಲ, ಕೇಳುಗರ ದೇಣಿಗೆಯಲ್ಲೂ ನಡೆಯೋದು. ಅದೂ 30ಕ್ಕೇ ತಿದ್ದಿಕೊಂಡಿತು. ಮಾಲೀಕರು ಬೇರೆ ಬೇರೆ, ತಪ್ಪು ಒಂದೇ ಅಂದ ಮೇಲೆ ಡೆಸ್ಕಿನ ಕಡೆ, ಅಂದರೆ ಸುದ್ದಿ ತಿದ್ದಿ ಪುಟಕ್ಕೆ ಹಾಕೋರ ಕಡೆ ನೋಡಬೇಕು.

ಮೊದಲನೇದು ವಾರ. ಇಂಥ ಮೆರವಣಿಗೆ ಬಹುತೇಕ ಶನಿವಾರ, ಜನಕ್ಕೆ ರಜೆ ಅಂತ. ಸುದ್ದಿಮನೆಗೂ ಅರ್ಧ ರಜೆಯೇ. ಭಾನುವಾರದ ದಪ್ಪ ಪೇಪರಿನ ಎಷ್ಟೋ ವಿಭಾಗ ಆ ಹೊತ್ತಿಗೆ ಅಚ್ಚಾಗಿ ಕೂತಿರುತ್ತೆ, ಉಳಿಯೋದು ಹೊರಪುಟಗಳು. ಮಧ್ಯಾಹ್ನ ಜನ ಇನ್ನೂ ಸೇರ್ತಿರುವಾಗ ಹೋದ ಮೊದಲ ಕಾಪಿ, ಅಂದರೆ ವರದಿ, ರಾತ್ರಿ ತನಕ ರಿಪೇರಿ ಆಗದೆ ಹಾಗೇ ಹೋಗಿಬಿಡೋ ಸಾಧ್ಯತೆ ಜಾಸ್ತಿ.

ಎರಡನೇದು, ಬೀಟು, ಅಂದರೆ ಯಾವ ವರದಿಗಾರನಿಗೆ ಯಾವ ಕ್ಷೇತ್ರ ಅನ್ನೋದು. ಶ್ವೇತಭವನ, ಪೆಂಟಗನ್ ನೋಡೋ ವರದಿಗಾರ ಬೀದಿಗೆ ಬರಲ್ಲ. ಮೆರವಣಿಗೆ ಅಂದರೆ ನಗರ ವರದಿಗಾರನ ತಲೆಗೆ. ವಾಷಿಂಗ್ಟನ್ ಪೋಸ್ಟ್ ಅವತ್ತು 1 ಲಕ್ಷ ಅಂತ ಸರಿಯಾಗೇ ಬರೆಯಿತು, ಆದರೆ ಸುದ್ದಿ ಹೋಗಿ ಕೂತಿದ್ದು ಮೆಟ್ರೊ ಅನ್ನೋ ಸ್ಥಳೀಯ ಸುದ್ದಿ ವಿಭಾಗದಲ್ಲಿ. ಯುದ್ಧದ ಸುದ್ದಿ ಮುಖಪುಟದಲ್ಲಿ, ಯುದ್ಧ ಬೇಡ ಅನ್ನೋರ ಸುದ್ದಿ ಟ್ರಾಫಿಕ್ಕಿನ ಜೊತೆ.

ಧಾರವಾಡ_ಪೇಡೆ
ಅಂದ್ರ ಇರಾಕ್ ಯುದ್ಧದ ತಕರಾರು ಲೋಕಲ್ ಪೇಜಿನ್ಯಾಗ, ಗಟಾರ ತುಂಬಿದ್ದರ ಬಾಜೂಕ್ಕ. ಭಾರೀ ಆತು ಬಿಡ್ರಿ.

ಹಳೆ_ರದ್ದಿ
ಲೆಕ್ಕ ಇಟ್ಟುಕೊಂಡು ಮಾತಾಡೋಣ. ಫೇರ್ ಅನ್ನೋ ಮಾಧ್ಯಮ ಕಾವಲು ಸಂಸ್ಥೆ ಎರಡು ಸಲ ಎಣಿಸಿದೆ.

ಒಂದು: 30 ಜನವರಿಯಿಂದ 12 ಫೆಬ್ರವರಿ 2003. ನಡುವೆ 5ನೇ ತಾರೀಕು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಇರಾಕ್ ಬಗ್ಗೆ ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದ್ದು. ಎಬಿಸಿ, ಸಿಬಿಎಸ್, ಎನ್‌ಬಿಸಿ, ಪಿಬಿಎಸ್‌ನ ರಾತ್ರಿ ಸುದ್ದಿಯಲ್ಲಿ ಇರಾಕ್ ಬಗ್ಗೆ ಕ್ಯಾಮೆರಾ ಮುಂದೆ ಮಾತಾಡಿದವರು 393. ಅದರಲ್ಲಿ ಅಮೆರಿಕನ್ನರು 267, ಅವರಲ್ಲಿ 199 ಮಂದಿ ಹಾಲಿ ಇಲ್ಲಾ ಮಾಜಿ ಅಧಿಕಾರಿಗಳು. ಯುದ್ಧವಿರೋಧಿ ಗುಂಪುಗಳ ಪರವಾಗಿ ಬಂದವರು ಎಷ್ಟು ಗೊತ್ತಾ? ಮೂರು. 393ರಲ್ಲಿ ಮೂರು.

ಎರಡು: ಯುದ್ಧ ಶುರುವಾದ 20 ಮಾರ್ಚ್‌ನಿಂದ ಮೂರು ವಾರ, ಆರು ಕಾರ್ಯಕ್ರಮ, 1,617 ಮಂದಿ. ಅಮೆರಿಕನ್ ಅತಿಥಿಗಳಲ್ಲಿ ಯುದ್ಧದ ಪರ 71%, ವಿರುದ್ಧ 3%.

ಇಂಥ ಎಣಿಕೆ ಯಾರು ಬೇಕಾದರೂ ಮಾಡಬಹುದು. ಒಂದು ಹಾಳೆ, ಐದು ಕಾಲಂ: ತಾರೀಕು, ಹೆಸರು, ಹುದ್ದೆ, ಪರ/ವಿರುದ್ಧ/ಗೊತ್ತಾಗಲಿಲ್ಲ, ಎಷ್ಟು ಸೆಕೆಂಡು. ಎಡವೋದು ನಾಲ್ಕನೇ ಕಾಲಂನಲ್ಲಿ. ‘ಯುದ್ಧತಂತ್ರ ಸರಿಯಿಲ್ಲ, ಇನ್ನೂ ಸೈನ್ಯ ಬೇಕು’ ಅನ್ನೋ ನಿವೃತ್ತ ಜನರಲ್ ಟೀಕೆ ಮಾಡ್ತಿದ್ದಾನೆ ನಿಜ, ಆದರೆ ಯುದ್ಧವಿರೋಧಿ ಅಲ್ಲ. ಆ ನಿಯಮವನ್ನ ಎಣಿಸೋಕೆ ಮುಂಚೆಯೇ ಬರೆದಿಟ್ಕೋಬೇಕು. ಇಬ್ಬರು ಬೇರೆ ಬೇರೆ ಕೂತು ಎಣಿಸಿ ತಾಳೆ ನೋಡಿದರೆ ಇನ್ನೂ ಒಳ್ಳೇದು. ನಮ್ಮ ಚಾನೆಲ್ಲುಗಳ ಒಂಬತ್ತು ಗಂಟೆ ಚರ್ಚೆಗೂ ಇದು ನಡೆಯುತ್ತೆ, ಕಿವಿಗೆ ಹತ್ತಿ ಇಟ್ಕೊಳ್ಳಿ ಅಷ್ಟೆ.

ಉಪ್ಪುಗಾಳಿ
ಮಾರಾಯ್ರೇ, ಎಲ್ಲರೂ ಸೇರಿ ‘ಕಡೆಗಣಿಸಿದ್ರು, ಕಡೆಗಣಿಸಿದ್ರು’ ಅಂತೀರಿ. 15 ಫೆಬ್ರವರಿ 2003 ಮುಖಪುಟದಲ್ಲಿ ಬರ್ಲಿಲ್ವಾ? 600ಕ್ಕೂ ಹೆಚ್ಚು ಊರುಗಳಲ್ಲಿ ಒಂದೇ ದಿನ. ರೋಮ್‌ನದ್ದು 30 ಲಕ್ಷ ಅಂತ ಗಿನ್ನೆಸ್ ದಾಖಲೆ. ಅದೇ ನ್ಯೂಯಾರ್ಕ್ ಟೈಮ್ಸ್ ಎರಡು ದಿನ ಬಿಟ್ಟು, ಜಗತ್ತಲ್ಲಿ ಈಗ ಎರಡು ಮಹಾಶಕ್ತಿ, ಒಂದು ಅಮೆರಿಕ, ಇನ್ನೊಂದು ಜಗತ್ತಿನ ಜನಾಭಿಪ್ರಾಯ ಅಂತ ಬರೆದದ್ದು ಮರೆತು ಹೋಯ್ತಾ?

ಡೆಸ್ಕ್_ದೆವ್ವ
ಮರೆತಿಲ್ಲ. ಅದಕ್ಕೇ ‘ಕಡೆಗಣಿಸಿದರು’ ಅನ್ನೋ ಪದವನ್ನ ಎರಡಾಗಿ ಸೀಳಬೇಕು. ಜನಜಂಗುಳಿಗೆ ಒಂದು ದಿನದ ಫೋಟೊ ಸಿಗುತ್ತೆ. ಅವರ ವಾದಕ್ಕೆ ಕುರ್ಚಿ ಸಿಗಲ್ಲ. 15ಕ್ಕೆ ಹೆಲಿಕಾಪ್ಟರಿಂದ ತೆಗೆದ ಚಿತ್ರ, 16ಕ್ಕೆ ಸ್ಟುಡಿಯೊದಲ್ಲಿ ಮತ್ತದೇ ನಿವೃತ್ತ ಜನರಲ್‌ಗಳು, ನಕ್ಷೆ ಮೇಲೆ ಬಾಣ. 18ಕ್ಕೆ ಬುಷ್, ಜನ ನೋಡಿ ನೀತಿ ಮಾಡೋದು ಅಂದರೆ ಫೋಕಸ್ ಗ್ರೂಪ್ (ಕೆಲವರನ್ನ ಕೂರಿಸಿ ಅಭಿಪ್ರಾಯ ಕೇಳೋ ಕೂಟ) ಕೇಳಿ ನೀತಿ ಮಾಡಿದ ಹಾಗೆ ಅಂದುಬಿಟ್ಟರು. ಆ ಮಾತಿನ ಪಕ್ಕದಲ್ಲಿ ‘ಇರಾಕ್‌ನಲ್ಲಿ ಅಸ್ತ್ರ ಇರೋದಕ್ಕೆ ಪುರಾವೆ ಎಲ್ಲಿ’ ಅನ್ನೋ ಮೆರವಣಿಗೆಯವರ ಪ್ರಶ್ನೆ ಎಷ್ಟು ಕಡೆ ಅಚ್ಚಾಗಿತ್ತು ಹುಡುಕಿ ನೋಡಿ.

ಲ್ಯಾನ್ಸ್ ಬೆನೆಟ್ ಅನ್ನೋ ವಿದ್ವಾಂಸರು 1990ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟರು. ಅಧಿಕಾರಸ್ಥರ ನಡುವೆ ಎಷ್ಟು ಅಗಲದ ಭಿನ್ನಮತ ಇದೆಯೋ ಅಷ್ಟೇ ಅಗಲ ಸುದ್ದಿಯಲ್ಲೂ ಇರುತ್ತೆ, ಅದರಾಚೆ ನಿಂತವರು ‘ಪ್ರತಿಭಟನೆ’ ಅನ್ನೋ ದೃಶ್ಯ ಆಗ್ತಾರೆ. ಬ್ರಿಟನ್ ನೋಡಿ. ಅಲ್ಲಿ ಆಳುವ ಲೇಬರ್ ಪಕ್ಷವೇ ಒಡೆದಿತ್ತು. 17 ಮಾರ್ಚ್‌ಗೆ ರಾಬಿನ್ ಕುಕ್ ಸಂಪುಟ ಬಿಟ್ಟರು, ಮರುದಿನ 139 ಲೇಬರ್ ಸಂಸದರು ಬಂಡೆದ್ದರು. ಡೈಲಿ ಮಿರರ್ ಪತ್ರಿಕೆ ಅಂತೂ ಮೆರವಣಿಗೆಗೆ ಫಲಕ ಮಾಡಿಸಿ ಹಂಚಿತು. ಹಾಗಾಗಿ ಅಲ್ಲಿ ಬೀದಿ ಕೂಡ ರಾಜಕೀಯ ಸುದ್ದಿಯೇ ಆಯ್ತು.

ಕಾಳುಮೆಣಸು
ಆಹಾ, ಇಲ್ಲೇ ಸಿಕ್ಕಿಬಿದ್ರಿ ದೆವ್ವದೋರೇ. ಅಮೆರಿಕದಲ್ಲಿ ಭಿನ್ನಮತ ಇರಲಿಲ್ಲ ಅಂತ ಯಾರು ಹೇಳಿದ್ದು? ಬುಷ್‌ಗೆ ಯುದ್ಧದ ಅಧಿಕಾರ ಕೊಟ್ಟ ಅಕ್ಟೋಬರ್ 2002ರ ನಿರ್ಣಯಕ್ಕೆ ಸೆನೆಟ್‌ನಲ್ಲಿ 77–23, ಕೆಳಮನೆಯಲ್ಲಿ 296–133. ಆ 133ರಲ್ಲಿ 126 ಡೆಮಾಕ್ರಟರು, ಅಂದರೆ ಆ ಮನೆಯ ಡೆಮಾಕ್ರಟರಲ್ಲಿ ಅರ್ಧಕ್ಕಿಂತ ಜಾಸ್ತಿ. ನಿಮ್ಮ ಸೂತ್ರ ಸರಿಯಿದ್ದಿದ್ದರೆ ಇವರೆಲ್ಲ ಟೀವಿಯಲ್ಲಿ ತುಂಬಿ ತುಳುಕಬೇಕಿತ್ತು. ರದ್ದಿಯವರು ಹೇಳಿದ ಅದೇ ಎರಡು ವಾರದ ಎಣಿಕೆಯಲ್ಲಿ ಯುದ್ಧದ ಬಗ್ಗೆ ಸಂಶಯ ಹೇಳಿದ ಅಮೆರಿಕನ್ ಅಧಿಕಾರಸ್ಥ ಸಿಕ್ಕಿದ್ದು ಒಬ್ಬರೇ, ಸೆನೆಟರ್ ಕೆನೆಡಿ. ಉತ್ತರ ಕೊಡಿ.

ಡೆಸ್ಕ್_ದೆವ್ವ
ಏಟು ಸರಿಯಾಗೇ ಬಿತ್ತು. ಅರ್ಧ ಒಪ್ತೀನಿ. ಉಳಿದರ್ಧ ಇದು: ವರದಿಗಾರರು ತಲೆ ಎಣಿಸಲ್ಲ, ನಾಯಕರ ಬಾಯಿ ನೋಡ್ತಾರೆ. ಸೆನೆಟ್‌ನಲ್ಲಿ ಡೆಮಾಕ್ರಟರ ನಾಯಕ ಡ್ಯಾಶಲ್, ಕೆಳಮನೆಯಲ್ಲಿ ಗೆಫಾರ್ಟ್, ಇಬ್ಬರೂ ನಿರ್ಣಯದ ಪರ ಮತ ಹಾಕಿದವರು. ನಾಯಕ ಸುಮ್ಮನಾದ ಮೇಲೆ ಹಿಂದಿನ ಬೆಂಚಿನ 126 ಮಂದಿ ಸುದ್ದಿಮನೆಗೆ ಕಾಣೋದೇ ಇಲ್ಲ. ಸೂತ್ರ ಬಿದ್ದುಹೋಗಲಿಲ್ಲ, ನಾವು ಅಂದುಕೊಂಡಿದ್ದಕ್ಕಿಂತ ಕಿರಿದಾಗಿದೆ.

ಕಾಳುಮೆಣಸು
ಸೋತೆ ಅನ್ನೋದನ್ನ ಇಷ್ಟು ಉದ್ದ ಹೇಳಬಹುದು ಅಂತ ಇವತ್ತು ಗೊತ್ತಾಯ್ತು 😄

ಗುಂಟೆ_ಲೆಕ್ಕ
ನೀವೆಲ್ಲ ಥಿಯರಿ ಹೊಡೀರಿ. ಮೂಲ ಪ್ರಶ್ನೆ ಸಂಖ್ಯೆಯದ್ದು. ‘ಸಾವಿರಾರು’ ಎಲ್ಲಿಂದ ಬಂತು?

ವಾಷಿಂಗ್ಟನ್‌ನ ಮಾಲ್ ಮೈದಾನದಲ್ಲಿ ಜನ ಎಣಿಸೋ ಕೆಲಸ ಮೊದಲು ನ್ಯಾಷನಲ್ ಪಾರ್ಕ್ ಸರ್ವಿಸ್ ಮಾಡ್ತಿತ್ತು. 1995ರ ಅಕ್ಟೋಬರ್‌ನಲ್ಲಿ ಮಿಲಿಯನ್ ಮ್ಯಾನ್ ಮಾರ್ಚ್ ಅನ್ನೋ ಕಪ್ಪು ಗಂಡಸರ ಮೆರವಣಿಗೆಗೆ ಅವರು 4 ಲಕ್ಷ ಅಂದರು, ಸಂಘಟಕರು ಕೋರ್ಟಿಗೆ ಎಳೀತೀವಿ ಅಂದರು. ಬಾಸ್ಟನ್ ವಿಶ್ವವಿದ್ಯಾಲಯದವರು ಫೋಟೊ ನೋಡಿ 8.37 ಲಕ್ಷ, 20% ಹೆಚ್ಚುಕಡಿಮೆ ಅಂದರು. ಆಮೇಲೆ ಈ ಎಣಿಕೆಗೆ ದುಡ್ಡು ಖರ್ಚು ಮಾಡಬೇಡಿ ಅಂತ ಅಲ್ಲಿನ ಸಂಸತ್ತು, ಕಾಂಗ್ರೆಸ್ಸೇ, ಹೇಳಿತು. ಹಾಗಾಗಿ 2002ರಲ್ಲಿ ವರದಿಗಾರನ ಕೈಗೆ ಮುದ್ರೆ ಹೊತ್ತ ಸರ್ಕಾರಿ ಅಂಕಿ ಇಲ್ಲ. ಸಂಘಟಕರ ಅಂಕಿ ನಂಬಿದರೆ ಸಂಪಾದಕ ಬೈತಾನೆ. ‘ಸಾವಿರಾರು’ ಅಂದರೆ ಯಾರೂ ತಪ್ಪು ಅನ್ನೋ ಹಾಗಿಲ್ಲ, 2 ಲಕ್ಷವೂ ಸಾವಿರಾರೇ ತಾನೆ!

ಎಣಿಸೋ ವಿಧಾನ ಕಷ್ಟದ್ದೇನಲ್ಲ. 1960ರ ದಶಕದಲ್ಲಿ ಬರ್ಕ್ಲಿಯ ಪತ್ರಿಕೋದ್ಯಮ ಮೇಷ್ಟ್ರು ಹರ್ಬರ್ಟ್ ಜೇಕಬ್ಸ್ ಕಿಟಕಿಯಿಂದ ವಿಯೆಟ್ನಾಂ ಯುದ್ಧವಿರೋಧಿ ವಿದ್ಯಾರ್ಥಿಗಳನ್ನ ನೋಡ್ತಾ, ಕೆಳಗಿನ ನೆಲಹಾಸಿನ ಚೌಕ ಲೆಕ್ಕ ಹಾಕಿ ಕಂಡುಕೊಂಡ ಅಳತೆ ಇವತ್ತಿಗೂ ನಡೀತಿದೆ. ಸಡಿಲ ಗುಂಪು, ನಡುವೆ ಆರಾಮಾಗಿ ಓಡಾಡಬಹುದು: ತಲೆಗೆ 10 ಚದರ ಅಡಿ. ದಟ್ಟ ಗುಂಪು: 4.5. ಮೈಗೆ ಮೈ ಒತ್ತಿ ನಿಂತರೆ 2.5, ಅಷ್ಟು ಒತ್ತಡ ವೇದಿಕೆ ಮುಂದೆ ಬಿಟ್ಟು ಬೇರೆಲ್ಲೂ ಇರಲ್ಲ.

ನಮ್ಮ ಅಳತೆಗೆ ತಂದರೆ ಒಂದು ಗುಂಟೆ 1,089 ಚದರ ಅಡಿ. ಸಡಿಲ ಇದ್ದರೆ 109 ಮಂದಿ, ದಟ್ಟ ಇದ್ದರೆ 242. ಎಕರೆಗೆ 4,356 ಮತ್ತು 9,680.

ಈಗ ಲಂಡನ್. 15 ಫೆಬ್ರವರಿ 2003ಕ್ಕೆ ಪೊಲೀಸರು 7.5 ಲಕ್ಷ ಅಂದರು, ಸಂಘಟಕರು 20 ಲಕ್ಷದವರೆಗೆ ಹೋದರು. ಹೈಡ್ ಪಾರ್ಕ್ 350 ಎಕರೆ, ಅದರೊಳಗೇ ಒಂದು ಕೆರೆ ಬೇರೆ. 20 ಲಕ್ಷ ಜನ ಸಡಿಲ ನಿಂತರೆ 459 ಎಕರೆ ಬೇಕು, ಜಾಗವೇ ಇಲ್ಲ. ದಟ್ಟ ನಿಂತರೆ 207 ಎಕರೆ, ಆದರೆ ಚಳಿಗಾಲದ ಪಾರ್ಕಿನಲ್ಲಿ ಉದ್ದಕ್ಕೂ ಅಷ್ಟು ದಟ್ಟ ಯಾರೂ ನಿಲ್ಲಲ್ಲ. 7.5 ಲಕ್ಷಕ್ಕೆ ದಟ್ಟ 77, ಸಡಿಲ 172 ಎಕರೆ. ನೀವೇ ನೋಡಿಕೊಳ್ಳಿ.

ಉಪ್ಪುಗಾಳಿ
ಎಲ್ಲರೂ ಒಂದೇ ಹೊತ್ತಿಗೆ ಪಾರ್ಕಿನೊಳಗೆ ಇದ್ರು ಅಂತ ಯಾರು ಹೇಳಿದ್ದು? ಎಂಬ್ಯಾಂಕ್‌ಮೆಂಟಿಂದ ಒಂದು ಸಾಲು, ಗೋವರ್ ಸ್ಟ್ರೀಟಿಂದ ಇನ್ನೊಂದು, ಪಿಕಡಿಲಿಯಲ್ಲಿ ಕೂಡ್ಕೊಂಡು ಪಾರ್ಕಿಗೆ. ಮುಂದಿನವರು ಭಾಷಣ ಕೇಳಿ ಮನೆಗೆ ಹೊರಟಾಗ ಹಿಂದಿನವರು ಇನ್ನೂ ರಸ್ತೆಯಲ್ಲೇ.

ಗುಂಟೆ_ಲೆಕ್ಕ
ಹೌದು, ಅದಕ್ಕೇ ನಡೆಯೋ ಮೆರವಣಿಗೆಗೆ ಎಕರೆ ಲೆಕ್ಕ ಸಾಲದು, ಹರಿವು ಎಣಿಸಬೇಕು. ರಸ್ತೆಗೆ ಅಡ್ಡ ಒಂದು ಗೆರೆ ಅಂದುಕೊಳ್ಳಿ, ದೀಪದ ಕಂಬವೋ ಬಸ್ ಸ್ಟಾಪೋ. ಹತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ಮಾತ್ರ ಎಣಿಸಿ. ಸಾಲಿಗೆ 10 ಜನ, ನಿಮಿಷಕ್ಕೆ 15 ಸಾಲು ಅಂದರೆ 150. ಎರಡು ಗಂಟೆ ಹೀಗೇ ಹರಿದರೆ 18,000. ಒಂದೇ ಕಡೆ ನಿಂತರೆ ಮಧ್ಯದಲ್ಲಿ ಸೇರಿದವರು, ಬಿಟ್ಟು ಹೋದವರು ತಪ್ಪಿಹೋಗ್ತಾರೆ, ಆದ್ದರಿಂದ ಎರಡು ಕಡೆ ಜನ ಬೇಕು. ಲಂಡನ್ ಥರ ಎರಡು ಸಾಲು ಕೂಡೋ ಕಡೆ, ಕೂಡಿದ ಮೇಲೆ ಎಣಿಸಬೇಕು. ಮುಂಚೆ ಎಣಿಸಿದರೆ ಅರ್ಧ ಜನ ಮಾಯ.

ನ್ಯೂಯಾರ್ಕಿನದ್ದು ಇನ್ನೂ ಮಜಾ. ಅವತ್ತು ಅಲ್ಲಿ ಮೆರವಣಿಗೆಗೆ ಪರ್ಮಿಟ್ಟೇ ಕೊಡಲಿಲ್ಲ, ಕೋರ್ಟೂ ಅದನ್ನೇ ಎತ್ತಿಹಿಡೀತು. ಫಸ್ಟ್ ಅವೆನ್ಯೂದಲ್ಲಿ ನಿಂತು ಸಭೆ ಮಾಡಿ ಅಂದರು. ಆ ರಸ್ತೆ ಕಟ್ಟಡದಿಂದ ಕಟ್ಟಡಕ್ಕೆ 100 ಅಡಿ ಅಗಲ, 20 ಬ್ಲಾಕಿಗೆ ಒಂದು ಮೈಲಿ. ಅಂದರೆ 5.28 ಲಕ್ಷ ಚದರ ಅಡಿ, ದಟ್ಟ ತುಂಬಿದರೂ ಸುಮಾರು 1.17 ಲಕ್ಷ. ಪೊಲೀಸರು ಹೇಳಿದ್ದು 1 ಲಕ್ಷ. ಸುಳ್ಳು ಅನ್ನೋ ಹಾಗಿಲ್ಲ! ಆದರೆ ಪೊಲೀಸರು ತಡೆಗೋಲು ಇಟ್ಟು ಬ್ಲಾಕಿಗೊಂದು ದೊಡ್ಡಿ ಮಾಡಿದ್ದರು. ಸೆಕೆಂಡ್, ಥರ್ಡ್ ಅವೆನ್ಯೂಗಳಲ್ಲಿ ಸಿಕ್ಕಿಹಾಕಿಕೊಂಡು ಸಭೆಯ ಜಾಗಕ್ಕೆ ತಲುಪದೇ ಹೋದವರನ್ನ ಯಾವ ಲೆಕ್ಕಕ್ಕೆ ಹಾಕ್ತೀರಿ? ದೊಡ್ಡಿಯ ಅಳತೆಯನ್ನೇ ಜನರ ಅಳತೆ ಅಂದುಕೊಂಡ ಹಾಗಾಯ್ತು.

ಧಾರವಾಡ_ಪೇಡೆ
ಗುಂಟೆ ಅಣ್ಣಾರ, ಗುಂಟೆ ಕಣ್ಣಿಗೆ ಹತ್ತಂಗಿಲ್ರಿ. ಪ್ಯಾಟ್ಯಾಗ ನಿಂತು ಅಂದಾಜ್ ಮಾಡಾಕ ಬ್ಯಾರೆ ಏನಾರ ಹೇಳ್ರಿ.

ಗುಂಟೆ_ಲೆಕ್ಕ
ಕಬಡ್ಡಿ ಅಂಕಣ ಕಣ್ಣಿಗೆ ಹತ್ತುತ್ತಲ್ಲ? ಗಂಡಸರದ್ದು 13 ಮೀಟರ್ ಉದ್ದ, 10 ಅಗಲ. ಸಡಿಲ ಇದ್ದರೆ 140 ಜನ, ದಟ್ಟ ಇದ್ದರೆ 310.

ಧಾರವಾಡ_ಪೇಡೆ
ಈಗ ಹತ್ತಿತು ನೋಡ್ರಿ 🙏

ಹಳೆ_ರದ್ದಿ
ಸಂಘಟಕರೂ ಹರಿಶ್ಚಂದ್ರರಲ್ಲ, ಅದನ್ನೂ ಬರೆದಿಡಿ. 16 ಫೆಬ್ರವರಿ 2003, ಸ್ಯಾನ್ ಫ್ರಾನ್ಸಿಸ್ಕೊ. ಪೊಲೀಸರು, ಸಂಘಟಕರು ಇಬ್ಬರೂ ಒಪ್ಪಿ ಹೇಳಿದ್ದು 2 ಲಕ್ಷ. ಅಲ್ಲಿನ ಕ್ರಾನಿಕಲ್ ಪತ್ರಿಕೆ ವಿಮಾನದಿಂದ ಫೋಟೊ ತೆಗೆಸಿ, ಚೌಕ ಹಾಕಿ ಎಣಿಸಿತು: 65 ಸಾವಿರ. ಅದು ಒಂದು ಕ್ಷಣದ ಚಿತ್ರ, ಇಡೀ ದಿನ ಬಂದುಹೋದವರ ಮೊತ್ತವಲ್ಲ, ಒಪ್ಪಿದೆ. ಆದರೂ ಮೂರು ಪಟ್ಟು ವ್ಯತ್ಯಾಸ. ಬಾರ್ಸಿಲೋನಾದಲ್ಲಿ ಉಲ್ಟಾ: ನಗರ ಪೊಲೀಸರು 13 ಲಕ್ಷ, ಯುದ್ಧದ ಪರ ಇದ್ದ ಕೇಂದ್ರ ಸರ್ಕಾರದ ಕಚೇರಿ 3.5 ಲಕ್ಷ. ಅಂಕಿ ನೋಡಿದರೆ ಯಾರು ಯಾವ ಕಡೆ ಅಂತ ಗೊತ್ತಾಗಿಬಿಡುತ್ತೆ.

ಒಂದು ಸಲ ಉಬ್ಬಿಸಿದ ಅಂಕಿ ಸಿಕ್ಕಿಬಿದ್ದರೆ, ಮುಂದಿನ ಸಲ ನಿಜ ಹೇಳಿದರೂ ಡೆಸ್ಕು ಮೂರರಿಂದ ಭಾಗಿಸುತ್ತೆ. ತೋಳ ಬಂತು ತೋಳ ಕಥೆ.

ರಾತ್ರಿಪಾಳಿ
ಕನ್ನಡ ಪತ್ರಿಕೆಗಳ ಕಡೆಯಿಂದ ಒಂದು ಮಾತು. ವಿದೇಶ ಪುಟ ಅಂದರೆ ಬಹುತೇಕ ಏಜೆನ್ಸಿ (ಸುದ್ದಿಸಂಸ್ಥೆ) ಕಾಪಿಯ ಅನುವಾದ. ಲಂಡನ್‌ನಲ್ಲಿ ಮಧ್ಯಾಹ್ನ 12:30 ಆದಾಗ ನಮಗೆ ಸಂಜೆ 6. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 12 ಅಂದರೆ ಇಲ್ಲಿ ರಾತ್ರಿ ಹತ್ತೂವರೆ. ದೂರದ ಜಿಲ್ಲೆಗಳ ಆವೃತ್ತಿ ಮೊದಲು ಅಚ್ಚಿಗೆ ಹೋಗುತ್ತೆ, ನಗರದ್ದು ಕೊನೆಗೆ. ಹಾಗಾಗಿ ಒಂದೇ ಪೇಪರಿನ ಎರಡು ಆವೃತ್ತಿಯಲ್ಲಿ ಒಂದೇ ಮೆರವಣಿಗೆಗೆ ಎರಡು ಸಂಖ್ಯೆ ಬಂದರೆ ಪಿತೂರಿ ಅಂತ ಹಾರಬೇಡಿ, ಗಡಿಯಾರ ನೋಡಿ.

ಅನುವಾದದಲ್ಲಿ ಮುಗ್ಗರಿಸೋ ಜಾಗ ಸಂಖ್ಯೆಯೇ. ಒಂದು ಮಿಲಿಯನ್ ಅಂದರೆ 10 ಲಕ್ಷ. ಅವಸರದಲ್ಲಿ ‘1 ಲಕ್ಷ’ ಆಗಿಬಿಡುತ್ತೆ, ಒಂದು ಸೊನ್ನೆ ನುಂಗಿದರೆ ಒಂಬತ್ತು ಲಕ್ಷ ಜನ ಮನೆಗೆ ಹೋದ ಹಾಗೆ. ಏಜೆನ್ಸಿಯವರು ‘ನೂರಾರು ಸಾವಿರ’ ಅನ್ನೋ ಧಾಟಿಯಲ್ಲಿ ಬರೆದರೆ ಕನ್ನಡದಲ್ಲಿ ಅದು ‘ಲಕ್ಷಾಂತರ’ ಆಗಬೇಕು. ಆದರೆ ತಲೆಬರಹಕ್ಕೆ ಇರೋದು ಎರಡು ಕಾಲಂ. ‘ನೂರಾರು ಸಾವಿರ’ ಅಂತ ಹಾಗೇ ಇಳಿಸಿದರೆ ಹಿಡಿಸಲ್ಲ, ‘ಸಾವಿರಾರು’ ಹೊಂದಿಬಿಡುತ್ತೆ.

ಮೂಲೆಮನೆ_ಓದುಗ
ಅಕ್ಷರದ ಜಾಗಕ್ಕೆ ಜನ ಕರಗೋದು! ಇದು ಹೊಳೆದೇ ಇರಲಿಲ್ಲ.

ಉಪ್ಪುಗಾಳಿ
ಪದದ ವಿಷಯ ಬಂತಲ್ಲ, 8 ಏಪ್ರಿಲ್ 2003ಕ್ಕೆ ನಮ್ಮ ಸಂಸತ್ತು ಇರಾಕ್ ಯುದ್ಧದ ವಿರುದ್ಧ ನಿರ್ಣಯ ಮಾಡಿದಾಗಲೂ ಜಗ್ಗಾಟ ಆದದ್ದು ಪದಕ್ಕೇ. ಹಿಂದಿಯಲ್ಲಿ ‘ನಿಂದಾ’, ಇಂಗ್ಲಿಷಿನಲ್ಲಿ ಅದಕ್ಕಿಂತ ಮೆತ್ತಗಿನ ‘ಡಿಪ್ಲೋರ್’. ಒಳಗೆ ಖಂಡಿಸಿದ ಹಾಗೂ ಆಯ್ತು, ಹೊರಗೆ ಬೇಜಾರು ಮಾಡ್ಕೊಂಡ ಹಾಗೂ ಆಯ್ತು. ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿದ್ದಕ್ಕೆ 14 ಜುಲೈಗೆ ದೆಹಲಿ ಇಲ್ಲ ಅಂದದ್ದು ಮಾತ್ರ ಮುಖಪುಟಕ್ಕೆ ಬಂತು.

ನೀಲಿಶಾಯಿ
ರಷ್ಯಾ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ? ಅಲ್ಲೂ ಯುದ್ಧವಿರೋಧಿಗಳು ಟೀವಿಯಲ್ಲಿ ಇಲ್ಲ.

ಡೆಸ್ಕ್_ದೆವ್ವ
ಅದು ಬೇರೆ ರೋಗ. 4 ಮಾರ್ಚ್ 2022ರ ಕಾನೂನಿನ ಪ್ರಕಾರ ಸೇನೆ ಬಗ್ಗೆ ಸರ್ಕಾರ ಒಪ್ಪದ್ದು ಹೇಳಿದರೆ ಜೈಲು. ‘ಯುದ್ಧ’ ಅನ್ನೋ ಪದವೇ ಬಳಸಬೇಡಿ ಅಂತ ಮಾಧ್ಯಮಗಳಿಗೆ ಮೊದಲೇ ತಾಕೀತು. ಅದಕ್ಕೇ ಅಲ್ಲಿನ ಸರ್ಕಾರಿ ಟೀವಿ ಚಾನೆಲ್ ಒನ್ನಿನ ಮರೀನಾ ಒವ್ಸ್ಯಾನ್ನಿಕೋವಾ ಮಾರ್ಚ್ 14ರಂದು ನೇರಪ್ರಸಾರದ ಮಧ್ಯೆ ಫಲಕ ಹಿಡಿದು ನಿಲ್ಲಬೇಕಾಯ್ತು. ಅಲ್ಲಿ ಬಾಯಿ ಕಟ್ಟಿರೋದು. ನಾವಿಲ್ಲಿ ಮಾತಾಡ್ತಿರೋದು ಬಾಯಿ ಬಿಟ್ಟಿದ್ದರೂ ಮೈಕು ಬೇರೆ ಕಡೆ ತಿರುಗೋದರ ಬಗ್ಗೆ.

ನಿರ್ವಾಹಕ
ವಿಷಯ 2002–05ರ ಸುತ್ತಮುತ್ತ ಇರಲಿ. ಈಗಿನ ಯುದ್ಧಗಳಿಗೆ ಬೇರೆ ಎಳೆ ತೆರೆಯಿರಿ.

ಕಾಳುಮೆಣಸು
ಸರಿ, 2005ಕ್ಕೇ ಬರ್ತೀನಿ. ಮಗನನ್ನ ಇರಾಕ್‌ನಲ್ಲಿ ಕಳಕೊಂಡ ಸಿಂಡಿ ಶೀಹಾನ್ ಅನ್ನೋ ತಾಯಿ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಕ್ರಾಫರ್ಡ್‌ನಲ್ಲಿ, ಬುಷ್ ತೋಟದ ಮನೆ ಹಾದೀಲಿ ಟೆಂಟ್ ಹಾಕಿ ಕೂತರು. ಜಗತ್ತಿನ ಕ್ಯಾಮೆರಾ ಎಲ್ಲ ಅಲ್ಲಿ. ಮುಂದಿನ ತಿಂಗಳು 24ಕ್ಕೆ ವಾಷಿಂಗ್ಟನ್‌ನಲ್ಲಿ ಲಕ್ಷಕ್ಕೂ ಮೇಲೆ ಜನ, ಟೀವಿಯಲ್ಲಿ ಹುಡುಕಿದರೂ ಸಿಗಲಿಲ್ಲ. ಇದಕ್ಕೆ ಯಾವ ಸೂತ್ರ?

ಡೆಸ್ಕ್_ದೆವ್ವ
24 ಸೆಪ್ಟೆಂಬರ್ 2005ರ ಬೆಳಗಿನ ಜಾವವೇ ರೀಟಾ ಚಂಡಮಾರುತ ಟೆಕ್ಸಾಸ್–ಲೂಸಿಯಾನಾ ಗಡಿಗೆ ಬಡಿಯಿತು. ಕತ್ರೀನಾ ಆಗಿ ತಿಂಗಳೂ ತುಂಬಿರಲಿಲ್ಲ. ನೇರಪ್ರಸಾರದ ಓಬಿ ವ್ಯಾನೆಲ್ಲ ದಕ್ಷಿಣದ ಕಡೆ. ಅದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ.

ಕ್ರಾಫರ್ಡ್‌ನದ್ದು ಪಾಠ ಮಾಡಿ ಹೇಳಬೇಕಾದ್ದು. ಅಧ್ಯಕ್ಷ ರಜೆಯಲ್ಲಿ, ಶ್ವೇತಭವನದ ವರದಿಗಾರರ ದಂಡು ಪೂರಾ ಆ ಸಣ್ಣ ಊರಲ್ಲಿ ಬಿಸಿಲಿಗೆ ಕೂತಿದೆ, ಬರೆಯೋಕೆ ಸುದ್ದಿಯಿಲ್ಲ. ಅಲ್ಲಿಗೆ ಒಬ್ಬ ತಾಯಿ, ಒಂದು ಹೆಸರು, ‘ನನ್ನ ಮಗ ಯಾಕೆ ಸತ್ತ’ ಅನ್ನೋ ಒಂದು ಪ್ರಶ್ನೆ, ಭೇಟಿ ಸಿಗೋ ತನಕ ಏಳಲ್ಲ ಅನ್ನೋ ಹಟ. ನಾಳೆ ಏನಾಗುತ್ತೆ ಅನ್ನೋ ಕುತೂಹಲ ಇದ್ದದ್ದರಿಂದ ದಿನಾ ಹೊಸ ಕಾಪಿ. ಶನಿವಾರದ ಮೆರವಣಿಗೆಗೆ ‘ನಾಳೆ’ ಇರಲ್ಲ. ಇನ್ನೂ ಮುಖ್ಯ, ಬೀಟು ಬದಲಾಯ್ತು: ಬರೆದವರು ನಗರ ವರದಿಗಾರರಲ್ಲ, ಶ್ವೇತಭವನದವರು.

ಮೂಲೆಮನೆ_ಓದುಗ
ಹಾಗಿದ್ದರೆ ತಪ್ಪು ಸುದ್ದಿ ಬಂದಾಗ ತಿದ್ದಿಸೋದು ಹೇಗೆ? ಅಕ್ಟೋಬರ್ 2002ರಲ್ಲಿ ಮೂರೇ ದಿನಕ್ಕೆ ಟೈಮ್ಸ್ ಹೇಗೆ ಬಗ್ಗಿತು?

ಹಳೆ_ರದ್ದಿ
ಫೇರ್ ಓದುಗರಿಗೆಲ್ಲ ಕರೆ ಕೊಟ್ಟು ರಾಶಿ ಪತ್ರ ಬರೆಸಿತು. ಆದರೆ ಸಂಖ್ಯೆಗಿಂತ ಕೆಲಸ ಮಾಡಿದ್ದು ಹೋಲಿಕೆ. ‘ನೀವು ಯುದ್ಧಕೋರರು’ ಅಂತ ಬರೆದ ಪತ್ರ ಬುಟ್ಟಿಗೆ ಹೋಗುತ್ತೆ. ‘ನೀವು ಸಾವಿರಾರು ಅಂದಿರಿ, ಅದೇ ದಿನ ಪೋಸ್ಟ್ ಪತ್ರಿಕೆ ಲಕ್ಷ ಅಂದಿದೆ, ಯಾವುದು ಸರಿ’ ಅಂದರೆ ಸಂಪಾದಕನ ಮಾನಕ್ಕೆ ತಾಗುತ್ತೆ. ತಾರೀಕು, ಪುಟ, ತಪ್ಪಾದ ವಾಕ್ಯ, ಎದುರು ಪುರಾವೆ, ಬೇಕಾದ ತಿದ್ದುಪಡಿ. ನೂರು ಪದ ದಾಟಬಾರದು. ಎರಡನೇ ದಿನದೊಳಗೆ ತಲುಪಬೇಕು, ವಾರ ಕಳೆದರೆ ಹಳಸಿದ ಅನ್ನ. ಆದರೂ ಗಮನಿಸಿ, ಟೈಮ್ಸ್ 30ರಂದು ಹಾಕಿದ್ದು ಹೊಸ ವರದಿ. ‘ನಾವು ತಪ್ಪಿದೆವು’ ಅಂತ ಅದರಲ್ಲಿ ಎಲ್ಲೂ ಇಲ್ಲ.

ಕಾಳುಮೆಣಸು
ತಪ್ಪಿದೆವು ಅನ್ನೋಕೆ 26 ಮೇ 2004ರ ತನಕ ಕಾಯಬೇಕಾಯ್ತು, ಅದೂ ಅಸ್ತ್ರಗಳ ವರದಿ ಬಗ್ಗೆ, ಮೆರವಣಿಗೆ ಬಗ್ಗೆ ಅಲ್ಲ.

ಹಳೆ_ರದ್ದಿ
ವಾಷಿಂಗ್ಟನ್ ಪೋಸ್ಟ್ ಆಗಸ್ಟ್ 2004ರಲ್ಲಿ ತನ್ನದೇ ಲೆಕ್ಕ ತೆಗೆದು ಹಾಕಿತು: ಯುದ್ಧಕ್ಕೆ ಮುಂಚಿನ ಏಳೆಂಟು ತಿಂಗಳಲ್ಲಿ ಸರ್ಕಾರದ ಮಾತನ್ನ ಎತ್ತಿ ಹಿಡಿದ ಮುಖಪುಟ ಸುದ್ದಿ 140ಕ್ಕೂ ಹೆಚ್ಚು. ಅದರದ್ದೇ ವರದಿಗಾರ ವಾಲ್ಟರ್ ಪಿಂಕಸ್ ಬರೆದ ಸಂಶಯದ ವರದಿ ಹೋಗಿದ್ದು 17ನೇ ಪುಟಕ್ಕೆ.

ಧಾರವಾಡ_ಪೇಡೆ
17ನೇ ಪುಟದಾಗ ಏನ್ ಬರ್ದಿದ್ರು ಹೇಳ್ರಿ, ಅದನ್ನ ಬಿಟ್ಟೀರಲ್ಲ.

ಹಳೆ_ರದ್ದಿ
16 ಮಾರ್ಚ್ 2003ರ ವರದಿ. ಇರಾಕ್‌ನಲ್ಲಿ ನಿಷೇಧಿತ ಅಸ್ತ್ರ ಎಷ್ಟಿದೆ, ಎಲ್ಲಿದೆ ಅನ್ನೋದಕ್ಕೆ ಗುಪ್ತಚರರ ಹತ್ತಿರ ಖಚಿತ ವಿವರ ಇಲ್ಲ ಅಂತ. ಒಂದು ತಿಂಗಳ ಹಿಂದೆ ಫಸ್ಟ್ ಅವೆನ್ಯೂದ ದೊಡ್ಡಿಯಲ್ಲಿ ನಿಂತವರು ಕೇಳಿದ ಪ್ರಶ್ನೆಯೇ. ನಾಲ್ಕು ದಿನಕ್ಕೆ ಬಾಂಬ್ ಬಿತ್ತು.

ಗುಂಟೆ_ಲೆಕ್ಕ
ಅಂದಹಾಗೆ ಮೇಲೆ ಕಬಡ್ಡಿ ಅಂಕಣದ ಲೆಕ್ಕ ಗಂಡಸರದ್ದು ಅಂದಿದ್ದೆ. ಹೆಂಗಸರ ಅಂಕಣ 12 × 8 ಮೀಟರ್, ಸಡಿಲ 103, ದಟ್ಟ 230. ಯಾರಾದರೂ ತಪ್ಪು ಅಂಕಣ ಅಂದುಕೊಂಡು ಎಣಿಸಿ ನನ್ನ ತಲೆಗೆ ಕಟ್ಟಬೇಡಿ.